ಶಂಕರ್ ನಾಗ್ ಬದುಕು ಮತ್ತು ಅಪಘಾತದ ಮೊದಲ ಹತ್ತು ನಿಮಿಷ

ಬೆಂಗಳೂರಿನಲ್ಲಿ ಆಟೊ ಹತ್ತಿದವರು ಶಂಕರ್ ನಾಗ್ ಅವರ ಚಿತ್ರವನ್ನು ನೋಡಿಯೇ ಇರುತ್ತೀರಿ. ಹಿಂಬದಿಯ ಗಾಜಿನ ಮೇಲೋ, ಚಾಲಕನ ತಲೆಯ ಮೇಲ್ಗಡೆಯೋ ಆ ನಗುಮುಖ ಇರುತ್ತದೆ. ಅವರು ತೀರಿಕೊಂಡು ಮೂರೂವರೆ ದಶಕ ಕಳೆದಿದೆ. ಅವರನ್ನು ತೆರೆಯ ಮೇಲೆ ನೋಡುವ ಮೊದಲೇ ಆಟೊದಲ್ಲಿ ನೋಡಿದ ತಲೆಮಾರು ನಮ್ಮದು.

ಆರೋಗ್ಯದ ಅಂಕಣದಲ್ಲಿ ನಟರೊಬ್ಬರ ಬದುಕು ಏಕೆ ಎಂದು ನೀವು ಕೇಳಬಹುದು. ಅಪಘಾತ ಮಾಡಿ ಓಡಿಹೋಗುವವರ ಬಗ್ಗೆ ಕನ್ನಡದಲ್ಲಿ ಒಂದು ಗಟ್ಟಿ ಸಿನಿಮಾ ಮಾಡಿದವರು ಶಂಕರ್ ನಾಗ್. ಅದಾದ ಐದೇ ವರ್ಷಕ್ಕೆ ಹೆದ್ದಾರಿಯ ಅಪಘಾತದಲ್ಲಿ ತಮ್ಮ ಪ್ರಾಣವನ್ನೇ ಕಳೆದುಕೊಂಡರು. ರಸ್ತೆಯಲ್ಲಿ ಅನಾಹುತವಾದಾಗ ಏನು ಮಾಡಬೇಕು ಎಂಬುದನ್ನು ಅವರ ಕತೆಯ ಜೊತೆಗೆ ಹೇಳಿದರೆ ಮನಸ್ಸಿನಲ್ಲಿ ಉಳಿಯುತ್ತದೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಹೊನ್ನಾವರದಿಂದ ದೆಹಲಿಯವರೆಗೆ

ಶಂಕರ್ ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಕಡೆ. ಅವರು ನಟ ಅನಂತ್ ನಾಗ್ ಅವರ ತಮ್ಮ. ಓದಿನ ನಂತರ ಮುಂಬೈ ಸೇರಿದ ಶಂಕರ್ ಅವರನ್ನು ಅಲ್ಲಿನ ಮರಾಠಿ ರಂಗಭೂಮಿ ಸೆಳೆಯಿತು. ಮುಂದೆ ಬಾಳಸಂಗಾತಿಯಾದ ಅರುಂಧತಿ ಅವರ ಪರಿಚಯವಾದದ್ದೂ ಅಲ್ಲಿನ ನಾಟಕಗಳ ನಡುವೆಯೇ.

ಕನ್ನಡಕ್ಕೆ ಅವರನ್ನು ಕರೆತಂದದ್ದು ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರ. 1978ರ ಈ ಚಿತ್ರದ ಪಾತ್ರಕ್ಕೆ, ಮರುವರ್ಷ ದೆಹಲಿಯಲ್ಲಿ ನಡೆದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಆಗ ಅವರಿಗೆ 24 ವರ್ಷ.

ಅಲ್ಲಿಂದ ಮುಂದಿನ ಹನ್ನೆರಡು ವರ್ಷಗಳಲ್ಲಿ ಅವರು ಮಾಡಿದ ಕೆಲಸದ ಪಟ್ಟಿ ದೊಡ್ಡದು. ಸುಮಾರು 80 ಚಿತ್ರಗಳಲ್ಲಿ ನಟಿಸಿದರು. ‘ಮಿಂಚಿನ ಓಟ’, ‘ಗೀತಾ’ ಮುಂತಾದ ಚಿತ್ರಗಳನ್ನು ನಿರ್ದೇಶಿಸಿದರು. ಆರ್.ಕೆ. ನಾರಾಯಣ್ ಅವರ ಕತೆಗಳನ್ನು ಆಗುಂಬೆಯಲ್ಲಿ ಚಿತ್ರಿಸಿ ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡಿದರು. ದೂರದರ್ಶನದಲ್ಲಿ ಅದು ಬಂದಾಗ ಕನ್ನಡ ಗೊತ್ತಿಲ್ಲದ ದೆಹಲಿಯ ಮನೆಗಳಿಗೂ ಅವರ ಕೆಲಸ ತಲುಪಿತು. ‘ಸಂಕೇತ್’ ಹೆಸರಿನಲ್ಲಿ ನಾಟಕ ತಂಡ ಕಟ್ಟಿದರು, ಬೆಂಗಳೂರಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೊ ತೆರೆದರು. ಬೆಂಗಳೂರಿಗೆ ಮೆಟ್ರೊ ರೈಲು ಬರಬೇಕು ಎಂದು ಅವರು ಕನಸು ಕಂಡಿದ್ದನ್ನು ಆಪ್ತರು ಇಂದಿಗೂ ನೆನೆಯುತ್ತಾರೆ.

1980ರಲ್ಲಿ ಬಂದ ‘ಆಟೋ ರಾಜ’ ಅವರನ್ನು ಚಾಲಕರ ಮನೆಮಗನನ್ನಾಗಿ ಮಾಡಿತು. ಖಾಕಿ ಅಂಗಿ ತೊಟ್ಟು ದುಡಿಯುವ ಮನುಷ್ಯನಿಗೂ ಮರ್ಯಾದೆ ಇದೆ ಎಂಬುದನ್ನು ಆ ಚಿತ್ರ ಜನರ ಮುಂದಿಟ್ಟಿತ್ತು. ಆಟೊಗಳ ಮೇಲಿನ ಚಿತ್ರಗಳ ಬೇರು ಇರುವುದು ಅಲ್ಲಿ.

ನಿಲ್ಲಿಸದೆ ಹೋದ ಕಾರು

1985ರಲ್ಲಿ ಅವರ ನಿರ್ದೇಶನದ ‘ಆಕ್ಸಿಡೆಂಟ್’ ತೆರೆಗೆ ಬಂತು. ಅಮಲಿನಲ್ಲಿ ಕಾರು ಓಡಿಸುವ ಸಿರಿವಂತ ಯುವಕರು ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ಕಾರು ಹರಿಸಿ, ನಿಲ್ಲಿಸದೆ ಹೋಗುತ್ತಾರೆ. ಅವರಲ್ಲೊಬ್ಬ ಪ್ರಭಾವಿ ರಾಜಕಾರಣಿಯ ಮಗ. ಆ ರಾಜಕಾರಣಿಯಾಗಿ ಅನಂತ್ ನಾಗ್, ಸತ್ಯವನ್ನು ಬೆನ್ನಟ್ಟುವ ಪತ್ರಕರ್ತನಾಗಿ ಶಂಕರ್ ನಾಗ್ ನಟಿಸಿದ್ದರು. ಸಾಮಾಜಿಕ ಸಮಸ್ಯೆಯ ಕುರಿತ ಚಿತ್ರಗಳ ವಿಭಾಗದಲ್ಲಿ ಅದಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು.

ಆ ಚಿತ್ರದಲ್ಲಿ ತಪ್ಪು ಎರಡು ಸಲ ನಡೆಯುತ್ತದೆ. ಅಮಲಿನಲ್ಲಿ ಕಾರು ಓಡಿಸಿದ್ದು ಮೊದಲನೆಯದು. ಗುದ್ದಿದ ಮೇಲೆ ನಿಲ್ಲಿಸದೆ ಹೋಗಿದ್ದು ಎರಡನೆಯದು. ಎರಡನೆಯ ತಪ್ಪನ್ನು ಅಮಲಿಲ್ಲದವರೂ ಮಾಡುತ್ತಾರೆ. ಹೆದರಿಕೆಯಲ್ಲಿ ಕಾಲು ತಾನಾಗಿಯೇ ಆಕ್ಸಿಲರೇಟರ್ ಒತ್ತುತ್ತದೆ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಅಪಘಾತ ಮಾಡಿದ ಚಾಲಕ ಗಾಯಾಳುವಿಗೆ ವೈದ್ಯಕೀಯ ನೆರವು ಸಿಗುವಂತೆ ನೋಡಿಕೊಳ್ಳಬೇಕು. ಜನ ರೊಚ್ಚಿಗೆದ್ದು ಹಲ್ಲೆಗೆ ಮುಂದಾದಂಥ ಸಂದರ್ಭದಲ್ಲಿ ಮಾತ್ರ ಅಲ್ಲಿ ನಿಲ್ಲುವುದರಿಂದ ವಿನಾಯಿತಿ ಇದೆ. ಆಗಲೂ ಸಾಧ್ಯವಾದಷ್ಟು ಬೇಗ, 24 ಗಂಟೆಯೊಳಗೆ, ಪೊಲೀಸರಿಗೆ ತಿಳಿಸಲೇಬೇಕು. ಹೆದರಿಕೆಯಿದ್ದರೆ ಸ್ವಲ್ಪ ಮುಂದೆ, ಬೆಳಕಿರುವ ಜಾಗದಲ್ಲಿ ನಿಲ್ಲಿಸಿ ತಕ್ಷಣ 112ಕ್ಕೆ ಕರೆ ಮಾಡಿ. ನಿಮ್ಮ ಒಂದು ಕರೆಯ ಮೇಲೆ ಅಲ್ಲಿ ಬಿದ್ದಿರುವವರ ಜೀವ ನಿಂತಿರಬಹುದು.

1990ರ ಸೆಪ್ಟೆಂಬರ್ 30

ಅಂದು ಶಂಕರ್ ನಾಗ್ ‘ಜೋಕುಮಾರಸ್ವಾಮಿ’ ಚಿತ್ರದ ಚಿತ್ರೀಕರಣಕ್ಕೆಂದು ಉತ್ತರ ಕರ್ನಾಟಕದತ್ತ ಕಾರಿನಲ್ಲಿ ಹೊರಟಿದ್ದರು. ಜೊತೆಯಲ್ಲಿ ಪತ್ನಿ ಮತ್ತು ಪುಟ್ಟ ಮಗಳು. ದಾವಣಗೆರೆ ಸಮೀಪದ ಆನಗೋಡು ಬಳಿ ಅಪಘಾತವಾಯಿತು. ಶಂಕರ್ ನಾಗ್ ಉಳಿಯಲಿಲ್ಲ. ಗಂಭೀರವಾಗಿ ಗಾಯಗೊಂಡ ಅರುಂಧತಿ ಮತ್ತು ಮಗಳು ಬದುಕುಳಿದರು. 36ನೇ ಹುಟ್ಟುಹಬ್ಬಕ್ಕೆ ಇನ್ನು 40 ದಿನ ಬಾಕಿಯಿತ್ತು.

ಆ ಅಪಘಾತದಲ್ಲಿ ತಪ್ಪು ಯಾರದೆಂದು ಹುಡುಕುವುದು ಈ ಬರಹದ ಕೆಲಸವಲ್ಲ. ಆದರೆ ಅಂದಿನ ಹೆದ್ದಾರಿ ಹೇಗಿತ್ತು ಎಂಬುದನ್ನು ನೆನೆಯಬೇಕು. ಪುಣೆ–ಬೆಂಗಳೂರು ರಸ್ತೆಗೆ ಆಗ ನಡುವೆ ವಿಭಜಕವಿರಲಿಲ್ಲ. ಎದುರಿನಿಂದ ಬರುವ ಲಾರಿಗೂ ನಿಮಗೂ ಒಂದೇ ಡಾಂಬರು. ಕಾರುಗಳಲ್ಲಿ ಮುಂದಿನ ಸೀಟಿಗೆ ಬೆಲ್ಟ್ ಇರಲೇಬೇಕೆಂಬ ನಿಯಮ ಜಾರಿಗೆ ಬಂದದ್ದು 1990ರ ದಶಕದ ಮಧ್ಯದಲ್ಲಿ. ಯಾರ ಜೇಬಿನಲ್ಲೂ ಫೋನ್ ಇರಲಿಲ್ಲ. ಕರೆದರೆ ಬರುವ 108 ಆಂಬುಲೆನ್ಸ್ ಕರ್ನಾಟಕದಲ್ಲಿ ಆರಂಭವಾಗಿದ್ದು 2008ರಲ್ಲಿ.

ಇನ್ನೊಂದು ಅಡ್ಡಿ ಆಸ್ಪತ್ರೆಯ ಬಾಗಿಲಲ್ಲೇ ಇತ್ತು. ಪೊಲೀಸ್ ಕೇಸ್ ಎಂಬ ಕಾರಣಕ್ಕೆ ಗಾಯಾಳುಗಳನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಹಾಕುವ ಅಭ್ಯಾಸವಿತ್ತು. ಹಾಗೆ ಪ್ರಾಣ ಬಿಟ್ಟ ಸ್ಕೂಟರ್ ಸವಾರನೊಬ್ಬನ ಸುದ್ದಿಯಿಂದ ಹುಟ್ಟಿದ ಪ್ರಕರಣದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಸರ್ಕಾರಿಯಾಗಲಿ, ಖಾಸಗಿಯಾಗಲಿ, ಮೊದಲು ಜೀವ ಉಳಿಸಬೇಕು, ಕಾಗದಪತ್ರ ಆಮೇಲೆ ಎಂಬುದು ಪರಮಾನಂದ ಕಟಾರ ಪ್ರಕರಣದ ಆ ತೀರ್ಪಿನ ಸಾರ.

ಇಂದು ನಮ್ಮ ಕೈಯಲ್ಲಿ ಏನಿದೆ

ಅಂದು ಇಲ್ಲದ್ದು ಈಗ ಎಷ್ಟೋ ಇದೆ. ದೇಶದ ಯಾವ ಮೂಲೆಯಿಂದಲೂ 112ಕ್ಕೆ ಕರೆ ಮಾಡಬಹುದು. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಹಾಯವಾಣಿ ಇದೆ. ಕರ್ನಾಟಕದಲ್ಲಿ ಆಂಬುಲೆನ್ಸ್‌ಗೆ 108, ದೆಹಲಿಯಲ್ಲಿ 102.

ಗಾಯಾಳುವಿಗೆ ಸಹಾಯ ಮಾಡಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕು ಎಂಬ ಭಯ ಇನ್ನೂ ಹೋಗಿಲ್ಲ. ಆದರೆ 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಸಹಾಯಕರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಒಳ್ಳೆಯ ಉದ್ದೇಶದಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲ. ಆಸ್ಪತ್ರೆಗೆ ಸೇರಿಸಿದವರ ಕೈಯಲ್ಲಿ ಬಿಲ್ ಕಟ್ಟಿಸುವಂತೆಯೂ ಇಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರ ಯೋಜನೆಯಡಿ, ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಮೊದಲ 7 ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗುತ್ತದೆ.

ಆದರೂ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 16,715 ಮಂದಿ ಸೀಟ್ ಬೆಲ್ಟ್ ಧರಿಸಿರಲಿಲ್ಲ, 50,029 ಮಂದಿ ಹೆಲ್ಮೆಟ್ ಹಾಕಿರಲಿಲ್ಲ. ಹಿಂದೆ ಕೂತವರಿಗೂ ಬೆಲ್ಟ್ ಬೇಕು. ಗುದ್ದಿದಾಗ ಹಿಂದಿನವರ ಮೈಭಾರ ಮುಂದಿನ ಸೀಟಿನವರ ಬೆನ್ನಿಗೆ ಬಡಿಯುತ್ತದೆ. ಮಗು ತೊಡೆಯ ಮೇಲಿದ್ದರೆ ಎಷ್ಟು ಗಟ್ಟಿಯಾಗಿ ಹಿಡಿದರೂ ಕೈಜಾರುತ್ತದೆ. ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕ ಪ್ರತ್ಯೇಕ ಸೀಟೇ ಬೇಕು.

ಅಪಘಾತ ಕಂಡಾಗ: ಮೊದಲ ಹತ್ತು ನಿಮಿಷ

ತೀವ್ರ ಗಾಯವಾದ ಮೇಲಿನ ಒಂದು ಗಂಟೆಯನ್ನು ನಮ್ಮ ಕಾನೂನೂ ಅಮೂಲ್ಯ ಗಂಟೆ ಎಂದು ಗುರುತಿಸಿದೆ. ಅದರಲ್ಲಿ ಮೊದಲ ಹತ್ತು ನಿಮಿಷ ವೈದ್ಯರ ಕೈಯಲ್ಲಿರುವುದಿಲ್ಲ. ಅಲ್ಲಿ ಇರುವವರ ಕೈಯಲ್ಲಿರುತ್ತದೆ. ಮಾಡಬೇಕಾದದ್ದನ್ನು ಈ ಕ್ರಮದಲ್ಲಿ ನೆನಪಿಡಿ.

1. ನಿಮ್ಮ ಗಾಡಿಯನ್ನು ಎಡಬದಿಗೆ, ಓಡಾಟದ ಸಾಲಿನಿಂದ ಹೊರಗೆ ನಿಲ್ಲಿಸಿ. ನಾಲ್ಕೂ ಇಂಡಿಕೇಟರ್ ಹಾಕಿ. ನೀವು ಇನ್ನೊಂದು ಅಪಘಾತಕ್ಕೆ ಸಿಲುಕದಿರುವುದು ಮೊದಲ ಕೆಲಸ.

2. ಹಿಂದಿನಿಂದ ಬರುವವರಿಗೆ ಸೂಚನೆ ಕೊಡಿ. ಪ್ರತಿಫಲಿಸುವ ತ್ರಿಕೋನ ಫಲಕವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ, ವೇಗದ ಹೆದ್ದಾರಿಯಲ್ಲಿ ಇನ್ನೂ ದೂರ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಕಲ್ಲು, ಮರದ ಕೊಂಬೆ ಇಟ್ಟು ಮರೆತುಹೋಗಬೇಡಿ, ಅದೇ ಮುಂದಿನ ಅಪಘಾತಕ್ಕೆ ಕಾರಣವಾದೀತು.

3. 112ಕ್ಕೆ ಕರೆ ಮಾಡಿ. ಎಲ್ಲಿ, ಎಷ್ಟು ಜನ, ಯಾರಿಗೆ ಪ್ರಜ್ಞೆ ಇಲ್ಲ, ಯಾರಾದರೂ ಒಳಗೆ ಸಿಕ್ಕಿಹಾಕಿಕೊಂಡಿದ್ದಾರೆಯೇ ಎಂಬುದನ್ನು ಹೇಳಿ. ಹೆದ್ದಾರಿಯ ಬದಿಯಲ್ಲಿ ಕಿಲೋಮೀಟರ್ ಕಲ್ಲು ಇರುತ್ತದೆ, ಅದರ ಸಂಖ್ಯೆ ಹೇಳಿದರೆ ಆಂಬುಲೆನ್ಸ್ ಬೇಗ ತಲುಪುತ್ತದೆ.

4. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆ ಮಡಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮತ್ತೆ ಮತ್ತೆ ತೆಗೆದು ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಇಡಿ. ಗಾಯದಲ್ಲಿ ಏನಾದರೂ ಚುಚ್ಚಿಕೊಂಡಿದ್ದರೆ ಅದನ್ನು ಕೀಳಬೇಡಿ, ಅದರ ಸುತ್ತ ಒತ್ತಿ.

5. ಬೆಂಕಿ ಅಥವಾ ಅಂಥ ತಕ್ಷಣದ ಅಪಾಯ ಇಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬೇಡಿ. ಕತ್ತು, ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಉಸಿರಾಟಕ್ಕೆ ಅಡ್ಡಿಯಾಗದಿದ್ದರೆ ಹೆಲ್ಮೆಟ್ ತೆಗೆಯಬೇಡಿ.

6. ನೀರು, ಟೀ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ಅದು ಶ್ವಾಸನಾಳಕ್ಕೆ ಹೋಗಬಹುದು, ಶಸ್ತ್ರಚಿಕಿತ್ಸೆಗೂ ತೊಡಕಾಗಬಹುದು.

7. ಪ್ರಜ್ಞೆ ಇಲ್ಲ, ಉಸಿರಾಟವೂ ಇಲ್ಲ ಎಂದಾದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು, 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ನೆರವು ಬರುವವರೆಗೆ ನಿಲ್ಲಿಸಬೇಡಿ.

ಇದೆಲ್ಲ ಮಾಡಲು ಧೈರ್ಯವಿಲ್ಲದವರು ಮೊದಲ ಮೂರನ್ನಾದರೂ ಮಾಡಿ. ವಿಡಿಯೊ ಮಾಡುತ್ತ ನಿಲ್ಲುವುದಕ್ಕಿಂತ ಅದು ನೂರು ಪಾಲು ಮೇಲು. ಹಿಂದಿನಿಂದ ಆಂಬುಲೆನ್ಸ್ ಬರುತ್ತಿದ್ದರೆ ದಾರಿ ಬಿಡಿ. ಬಿಡದಿದ್ದರೆ 10,000 ರೂಪಾಯಿ ದಂಡವಿದೆ ಎಂಬುದಕ್ಕಲ್ಲ, ಒಳಗೆ ಒಬ್ಬರು ಉಸಿರಿಗಾಗಿ ಹೋರಾಡುತ್ತಿರುತ್ತಾರೆ ಎಂಬುದಕ್ಕೆ.

ನಿಮ್ಮ ಗಾಡಿಯೇ ಕೈಕೊಟ್ಟರೆ

ಟೈರ್ ಸಿಡಿದರೆ ಬ್ರೇಕ್ ಮೇಲೆ ಕಾಲು ಒತ್ತಬೇಡಿ. ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಯಾಗಿ ನೇರಕ್ಕೆ ಹಿಡಿದು, ಆಕ್ಸಿಲರೇಟರ್‌ನಿಂದ ನಿಧಾನಕ್ಕೆ ಕಾಲು ತೆಗೆಯಿರಿ. ವೇಗ ತಾನಾಗಿ ಇಳಿದ ಮೇಲೆ ಎಡಕ್ಕೆ ಸರಿಯಿರಿ.

ಬ್ರೇಕ್ ಹಿಡಿಯದಿದ್ದರೆ ಪೆಡಲನ್ನು ಹಲವು ಬಾರಿ ಒತ್ತಿ ಬಿಡಿ. ಗೇರ್ ಒಂದೊಂದಾಗಿ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಓಡುವ ಗಾಡಿಯ ಎಂಜಿನ್ ಆರಿಸಬೇಡಿ, ಸ್ಟೇರಿಂಗ್ ಬಿಗಿಯಾಗಿಬಿಡುತ್ತದೆ.

ದೆಹಲಿ ಸುತ್ತಮುತ್ತ ಡಿಸೆಂಬರ್, ಜನವರಿಯಲ್ಲಿ ಮಂಜು ಕವಿಯುತ್ತದೆ. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದರ ಹಿಂದೊಂದು ಗಾಡಿಗಳು ಗುದ್ದಿಕೊಂಡ ಸುದ್ದಿ ಚಳಿಗಾಲದಲ್ಲಿ ಬರುತ್ತಲೇ ಇರುತ್ತದೆ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ತಿರುಗಿ ನಿಮ್ಮ ಕಣ್ಣಿಗೇ ರಾಚುತ್ತದೆ, ಲೋಬೀಮ್ ಇರಲಿ. ರಸ್ತೆಯ ಎಡಗಡೆಯ ಬಿಳಿ ಗೆರೆಯನ್ನು ನೋಡಿಕೊಂಡು ಹೋಗಿ. ಏನೂ ಕಾಣದಿದ್ದರೆ ರಸ್ತೆಯ ಮೇಲೆ ನಿಲ್ಲಬೇಡಿ, ಪೂರ್ತಿ ಹೊರಗೆ ಬಂದು ನಿಲ್ಲಿ. ಕೆಟ್ಟು ನಿಂತ ಗಾಡಿಯೊಳಗೆ ಕೂರಬೇಡಿ. ಇಳಿದು ತಡೆಬೇಲಿಯ ಆಚೆ ನಿಲ್ಲಿ.

ಔಷಧದ ಚೀಟಿ ಮತ್ತು ಸ್ಟೇರಿಂಗ್

ಇದು ಫಾರ್ಮಸಿಸ್ಟ್ ಆಗಿ ನಾನು ಹೇಳಲೇಬೇಕಾದ ಮಾತು. ಮಾತ್ರೆ ಊಟಕ್ಕೆ ಮುಂಚೆಯೋ, ನಂತರವೋ ಎಂದು ಎಲ್ಲರೂ ಕೇಳುತ್ತಾರೆ. ಇದನ್ನು ನುಂಗಿ ಗಾಡಿ ಓಡಿಸಬಹುದೇ ಎಂದು ಕೇಳುವವರು ಕಡಿಮೆ.

ನೆಗಡಿ, ಅಲರ್ಜಿಗೆ ಕೊಡುವ ಕ್ಲೋರ್‌ಫೆನಿರಮೈನ್, ಸೆಟಿರಿಜಿನ್, ಪ್ರಯಾಣದಲ್ಲಿ ವಾಂತಿ ತಡೆಯುವ ಪ್ರೊಮೆಥಜಿನ್, ಆತಂಕಕ್ಕೆ ಕೊಡುವ ಆಲ್ಪ್ರಜೋಲಮ್, ಕ್ಲೋನಜೆಪಮ್, ನರದ ನೋವಿಗೆ ಕೊಡುವ ಪ್ರೆಗಬಾಲಿನ್, ನೋವಿನ ಟ್ರಮಡಾಲ್, ಇವೆಲ್ಲ ನಿದ್ದೆ ಅಥವಾ ಮಂಪರು ತರಬಲ್ಲವು. ರಾತ್ರಿ ನುಂಗಿದ ಮಾತ್ರೆಯ ಮಂಪರು ಬೆಳಗಿನವರೆಗೂ ಉಳಿಯಬಹುದು. ಮದ್ಯ ಸೇರಿದರೆ ಅಪಾಯ ಇನ್ನಷ್ಟು. ಕಣ್ಣಿನ ಪರೀಕ್ಷೆಗೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡವರು ದೃಷ್ಟಿ ಸರಿಹೋಗುವವರೆಗೆ ಗಾಡಿ ಮುಟ್ಟಬಾರದು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ವೈದ್ಯರನ್ನು ಕೇಳಿ ಹೊತ್ತು ಬದಲಿಸಿಕೊಳ್ಳಿ, ಇಲ್ಲವೇ ಬೇರೆಯವರ ಕೈಗೆ ಕೀಲಿ ಕೊಡಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ತಪ್ಪಿಸಿ ಹೊರಡಬೇಡಿ. ಕೈ ನಡುಕ, ಬೆವರು, ಕಣ್ಣು ಮಂಜಾಗುವುದು ಶುರುವಾದರೆ ಕೂಡಲೇ ಎಡಬದಿಗೆ ನಿಲ್ಲಿಸಿ ಗ್ಲೂಕೋಸ್ ಅಥವಾ ಸಕ್ಕರೆ ತಿನ್ನಿ. ಸಕ್ಕರೆ ಮಟ್ಟ ಸರಿಹೋದ ಮೇಲೂ ಮುಕ್ಕಾಲು ಗಂಟೆ ಕಾದು ಹೊರಡಿ. ರಕ್ತ ತೆಳುವಾಗಿಸುವ ವಾರ್ಫರಿನ್, ಅಸೆನೊಕೌಮರಾಲ್, ಕ್ಲೋಪಿಡೊಗ್ರೆಲ್ ಮುಂತಾದ ಔಷಧ ಬಳಸುವವರು ಆ ಹೆಸರು ಬರೆದ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ. ಅಂಥವರ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಆಸ್ಪತ್ರೆಗೆ ಹೋಗಲೇಬೇಕು, ಒಳಗೆ ರಕ್ತಸ್ರಾವವಾಗುತ್ತಿರಬಹುದು.

ರೋಗಿಯ ಜೊತೆಗಿರುವವರಿಗೆ ಇನ್ನೊಂದು ಮಾತು. ಆಸ್ಪತ್ರೆಯ ಕುರ್ಚಿಯ ಮೇಲೆ ಎರಡು ರಾತ್ರಿ ಕಳೆದು, ಡಿಸ್ಚಾರ್ಜ್ ಆದ ಸಂಜೆಯೇ ರೋಗಿಯನ್ನು ಕೂರಿಸಿಕೊಂಡು ಊರಿಗೆ ಕಾರು ಓಡಿಸುವವರು ಬಹಳ. ಗಂಟೆಗೆ 80 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಕಾರು ಸುಮಾರು 90 ಮೀಟರ್ ದಾಟಿರುತ್ತದೆ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ನಿದ್ದೆಗೆ ಮದ್ದಲ್ಲ. ಒಂದು ರಾತ್ರಿ ಉಳಿದು, ಮಲಗಿ ಎದ್ದು ಬೆಳಗ್ಗೆ ಹೊರಡಿ. ಅಷ್ಟು ದಿನ ಕಷ್ಟಪಟ್ಟು ಕೊಡಿಸಿದ ಚಿಕಿತ್ಸೆಯ ಕೊನೆಯ ಡೋಸ್ ಅದು ಎಂದುಕೊಳ್ಳಿ.

ಉಳಿದವರು ಕಟ್ಟಿದ್ದು

ಆ ಅಪಘಾತದಿಂದ ಚೇತರಿಸಿಕೊಂಡ ಅರುಂಧತಿ ನಾಗ್ ಮತ್ತೆ ರಂಗಕ್ಕೆ ಮರಳಿದರು. ನಾಟಕಕ್ಕೆಂದೇ ಒಳ್ಳೆಯ ರಂಗಮಂದಿರ ಬೇಕೆಂಬ ಆಸೆಯನ್ನು ಕೈಬಿಡದೆ, ಹಲವರ ನೆರವು ಒಟ್ಟುಗೂಡಿಸಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗಶಂಕರ’ ಕಟ್ಟಿಸಿದರು. 2004ರಲ್ಲಿ ಅದರ ಬಾಗಿಲು ತೆರೆಯಿತು. ಅಲ್ಲಿ ಈಗಲೂ ನಾಟಕಗಳು ನಡೆಯುತ್ತಿವೆ. ಒಂದು ಕಾರಿನಲ್ಲಿದ್ದವರಲ್ಲಿ ಬದುಕುಳಿದ ಒಬ್ಬರು ಒಂದು ಊರಿಗೆ ಏನನ್ನು ಕೊಡಬಹುದು ಎಂಬುದಕ್ಕೆ ಅದು ಸಾಕ್ಷಿ.

ಈ ವಾರ ಮೂರು ಕೆಲಸ ಮಾಡಿ. ಮನೆಯ ಗಾಡಿಯಲ್ಲಿ ತ್ರಿಕೋನ ಫಲಕ, ಟಾರ್ಚ್, ಶುಭ್ರ ಬಟ್ಟೆ ಇವೆಯೇ ನೋಡಿ. ಮನೆಯವರೆಲ್ಲರ ಫೋನಿನಲ್ಲಿ 112 ಮತ್ತು 1033 ಉಳಿಸಿ. ನೀವು ತೆಗೆದುಕೊಳ್ಳುವ ಔಷಧಗಳ ಚೀಟಿಯನ್ನು ನಿಮ್ಮ ಫಾರ್ಮಸಿಸ್ಟ್‌ಗೆ ತೋರಿಸಿ, ಇವನ್ನು ತೆಗೆದುಕೊಂಡು ಗಾಡಿ ಓಡಿಸಬಹುದೇ ಎಂದು ಕೇಳಿ. ಮುಂದಿನ ಸಲ ಆಟೊದ ಹಿಂದೆ ಶಂಕರ್ ನಾಗ್ ಅವರ ನಗು ಕಂಡಾಗ ಸೀಟ್ ಬೆಲ್ಟ್ ಹಾಕಿದ್ದೀರಾ ಎಂದು ಒಮ್ಮೆ ನೋಡಿಕೊಳ್ಳಿ.